ಚಾಂಗ್‌ಗೆನ್‌ಗೆ ಫೋನ್ ಮಾಡಿದರೆ

ಚೀನಾದ ಹುನಾನ್ ಕಡೆಯ ನಮ್ಮ ಈ ಊರಲ್ಲಿ ಸಾಲ ಉಳಿಸಿಕೊಂಡವರ ಫೋನಿಗೆ ಕೋರ್ಟಿನವರು ಬೇರೆ ರಿಂಗ್ ಹಾಕಿಸುತ್ತಾರೆ. ಕರೆ ಮಾಡಿದವರಿಗೆ ಮೊದಲು ಒಬ್ಬ ಹೆಂಗಸಿನ ದನಿ ಕೇಳುತ್ತದೆ: ಈತ ನಂಬಿಕೆಗೆ ತಪ್ಪಿದವನು, ಬಾಕಿ ಕಟ್ಟುವಂತೆ ದಯವಿಟ್ಟು ಬುದ್ಧಿ ಹೇಳಿ. ಆಮೇಲಷ್ಟೇ ಮನುಷ್ಯ ಸಿಗುವುದು. ಸಾಲ ಪೂರ್ತಿ ತೀರುವ ತನಕ ಆ ದನಿ ನಿಲ್ಲುವುದಿಲ್ಲ.

ನನ್ನ ನೂಡಲ್ಸ್ ಅಂಗಡಿಯ ಪಕ್ಕದಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಿದ್ದ ತಾನ್ ಚಾಂಗ್‌ಗೆನ್ ತನಗಾಗಿ ಒಂದು ಕಾಸೂ ಸಾಲ ಮಾಡಿದವನಲ್ಲ. ಸೈನ್ಯದಲ್ಲಿ ಜೊತೆಗಿದ್ದ ದೆಕುಯಿ ಇಟ್ಟಿಗೆ ಭಟ್ಟಿಗೆಂದು ಬ್ಯಾಂಕಿನಲ್ಲಿ ಸಾಲ ಎತ್ತಿದಾಗ ಜಾಮೀನು ನಿಂತ, ಅಷ್ಟೇ. ಕೇಳಿದ್ದಾದರೂ ಎಲ್ಲಿ? ಹಳೇ ಸೈನಿಕರ ಊಟದ ಮೇಜಿನಲ್ಲಿ. ಎಲ್ಲರೆದುರು ಜೊತೆಗಾರ ಎರಡೂ ಕೈಯಲ್ಲಿ ಹೆಂಡದ ಬಟ್ಟಲು ಹಿಡಿದು ನಿಂತರೆ ಕುಡಿಯದೆ ಇರುವಂತಿಲ್ಲ, ಕುಡಿದ ಮೇಲೆ ಇಲ್ಲ ಎನ್ನುವಂತಿಲ್ಲ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹೆಬ್ಬೆಟ್ಟು ಒತ್ತಿದ. ದೆಕುಯಿ ಊರು ಬಿಟ್ಟು ಕಾಲ್ಕಿತ್ತ. ಚಾಂಗ್‌ಗೆನ್‌ನ ಅಂಗಡಿಗೆ ಬೀಗ ಬಿತ್ತು, ಬಸ್ ನಿಲ್ದಾಣದ ದೊಡ್ಡ ಪರದೆಯಲ್ಲಿ ಸಾಲ ಕಟ್ಟದವನೆಂದು ಅವನ ಮುಖ ಬಂತು. ಅದನ್ನು ನೋಡಿ ತುಟಿ ಕೊಂಕಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಇಬ್ಬರು ಅದೇ ಮೇಜಿನಲ್ಲಿ ಕೂತು ಚಪ್ಪಾಳೆ ತಟ್ಟಿದವರು.

ಊರಿಗೆ ಅವನು ಹೆದರಲಿಲ್ಲ. ಹಳ್ಳಿಯಲ್ಲಿರುವ ತಾಯಿಗೆ ತಿಳಿಯಬಾರದು, ಅದೊಂದೇ ಅವನ ಚಿಂತೆ. ನೀನು ಫೋನ್ ಮಾಡಬೇಡ, ನಾನೇ ಮಾಡುತ್ತೇನೆ ಎಂದು ಹೇಳಿಟ್ಟಿದ್ದ. ಚಳಿಗಾಲದಲ್ಲಿ ಜ್ವರ ಬಂದು ಮಲಗಿದ. ಮಗನ ಸುದ್ದಿಯಿಲ್ಲದೆ ಕಂಗಾಲಾದ ಮುದುಕಿ ತಾನೇ ಫೋನ್ ಮಾಡಿದಳು.

ಅದು ರೆಕಾರ್ಡ್ ಮಾಡಿದ ದನಿ ಎಂದು ಆಕೆಗೆ ಹೊಳೆಯಲಿಲ್ಲ. ಯಾರೋ ಸರ್ಕಾರಿ ಹುಡುಗಿ ಎಂದುಕೊಂಡು ಅಂಗಳದಲ್ಲಿ ನಿಂತು ವಾದಕ್ಕಿಳಿದಳಂತೆ.

"ನೋಡವ್ವ, ನೀ ಯಾರ್ ಮಗಳೋ ನಂಗೊತ್ತಿಲ್ಲ. ನನ್ ಮಗ ಅಂಥೋನಲ್ಲ."

ಮತ್ತೆ ಮತ್ತೆ ಮಾಡಿದಳು. ಜ್ವರದಲ್ಲಿದ್ದ ಮಗ ಎತ್ತಲಿಲ್ಲ, ಸಿಕ್ಕಿದ್ದು ಅದೇ ಉತ್ತರ. ಕೊನೆಗೆ, ಆಯ್ತು ಬಿಡವ್ವ, ನಾನೇ ಹೇಳ್ತೀನಿ ಅವನಿಗೆ ಎಂದಳಂತೆ.

ನಮ್ಮ ಹಳ್ಳಿಗಳಲ್ಲಿ ವಯಸ್ಸಾದವರು ತಮ್ಮ ಶವಪೆಟ್ಟಿಗೆಯನ್ನು ತಾವೇ ಮಾಡಿಸಿ, ಬಣ್ಣ ಬಳಿಸಿ, ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಇದ್ದರೆ ಒಂದು ನೆಮ್ಮದಿ. ಆಕೆ ತನ್ನದನ್ನು ಮಾರಿ, ದುಡ್ಡನ್ನು ಕೋಟಿನ ಒಳಗೆ ಹೊಲಿದುಕೊಂಡು ನನ್ನ ಅಂಗಡಿಗೇ ಬಂದಳು. ಚಾಂಗ್‌ಗೆನ್‌ನನ್ನು ಕರೆಸಿದೆ.

"ಅವ್ವಾ, ಪೆಟ್ಟಿಗೆ ಮಾರ್ಬಿಟ್ಯಾ?"

"ಸತ್ ಮೇಲೆ ನಂಗೇನ್ ಗೊತ್ತಾಗತ್ತೆ ಬಿಡು. ಆ ಹುಡ್ಗಿ ಇನ್ಮೇಲೆ ನಿನ್ನ ಬೈಬಾರ್ದು."

ಅದು ಬಡ್ಡಿಗೂ ಸಾಲದೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಆಕೆಯನ್ನು ಬಸ್ಸಿಗೆ ಹತ್ತಿಸಿದವನೇ ನೇರ ಕೋರ್ಟಿಗೆ ಹೋಗಿ ಆಕೆ ತಂದ ದುಡ್ಡಷ್ಟನ್ನೂ ಕಟ್ಟಿದ.

ಮರುದಿನ ಅವನು ನನ್ನ ಅಂಗಡಿಯಲ್ಲಿ ಕೂಲಿಗೆ ಪಾತ್ರೆ ತೊಳೆಯುತ್ತಿದ್ದಾಗ ತಾಯಿಯ ಫೋನ್ ಬಂತು. ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿದ. ಆಕೆ ಅದೇ ಹೆಂಗಸಿನ ಅದೇ ಮಾತು ಕೇಳಿಯೇ ಅವನನ್ನು ತಲುಪಿದ್ದಳು.

"ಮಗಾ, ನನ್ ದುಡ್ಡು ಏನ್ಮಾಡ್ದೆ?"

ಕಟ್ಟಿದೆ ಎಂದ. ಆಣೆ ಇಟ್ಟು ಹೇಳಿದ. ಸರ್ಕಾರದ ಹುಡುಗಿ ಸುಳ್ಳು ಯಾಕೆ ಹೇಳುತ್ತಾಳೆ ಎಂದು ಕೇಳಿ ಮುದುಕಿ ಫೋನ್ ಇಟ್ಟಳು. ಅವನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದ.