ಬಾಣಂತಿ ದೊಡ್ಡಿಯ ಡೆಲ್ಫಿನ್

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಡೆಲ್ಫಿನ್ ಬೆಲ್ಕೋರ್ಟ್ ಅಡುಗೆಮನೆಯ ನೆಲಕ್ಕೆ ಹಳೆಯ ಹೊದಿಕೆ ಹಾಸಿ, ಕಲ್ಲುಹೂವಿನ ರಾಶಿಯಿಂದ ಪೈನ್ ಮರದ ಒಣ ಸೂಜಿಯೆಲೆಗಳನ್ನು ಹೆಕ್ಕುತ್ತಿದ್ದರು. ನಮ್ಮ ಬೆಟ್ಟದಲ್ಲಿ ಉಳಿದಿದ್ದ ಒಂದೇ ಒಂದು ಕ್ಯಾರಿಬೂವನ್ನು, ಹಿಮನಾಡಿನ ಆ ಕಾಡು ಜಿಂಕೆಯನ್ನು, ಅಂದು ಹೆಲಿಕಾಪ್ಟರಿನಲ್ಲಿ ದಕ್ಷಿಣದ ಇನ್ನೊಂದು ಹಿಂಡಿಗೆ ಸಾಗಿಸುವುದಿತ್ತು. ಅದರ ದಾರಿಯ ಮೇವು ಇದು.

ತಮ್ಮ ನಾರ್ಬರ್ಟ್ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವಿದ.

"ಅಕ್ಕಾ, ಮೇವು ಸೋಸ್ತಿದ್ದೀಯೋ, ಮದುಮಗಳ ತಲೆ ಬಾಚ್ತಿದ್ದೀಯೋ?"

"ನಿನ್ನ ಹೆಂಡ್ತಿ ಬಾತುಕೋಳಿ ಸಾರಲ್ಲಿ ಪುಕ್ಕ ಬಿಟ್ಟು ಬಡಿಸಿದ್ರೆ ತಿಂತೀಯಾ?"

"ಅವಳು ಬಡಿಸೋದೇ ಹಂಗೆ. ತಿಂತಾನೇ ಇದ್ದೀನಿ."

"ಅದಕ್ಕೇ ಮುಖ ಹಂಗಿದೆ. ಬಾ, ಚೀಲ ಹಿಡ್ಕೊ."

ಇಬ್ಬರೂ ನಗಲಿಲ್ಲ.

ಡೆಲ್ಫಿನ್ ಹುಟ್ಟುವ ಮೊದಲೇ, ಅವರ ಅಜ್ಜಿಯ ಕಾಲದಲ್ಲಿ, ಊರಿನ ಮೂಲನಿವಾಸಿಗಳಾದ ಕ್ರೀ ಜನ ಕ್ಯಾರಿಬೂ ಬೇಟೆ ನಿಲ್ಲಿಸಿದ್ದರು. ಸರ್ಕಾರ ಹೇಳಿದ್ದಲ್ಲ. ಪ್ರಾಣಿ ಕಡಿಮೆಯಾದದ್ದನ್ನು ಕಂಡು ಹಿರಿಯರೇ ಕೂತು ತೀರ್ಮಾನಿಸಿದ್ದು. ಬೆಟ್ಟ ಮತ್ತೆ ತುಂಬಿದಾಗ ನೋಡೋಣ ಎಂದಿದ್ದರು. ಹಾಗಾಗಿ ಡೆಲ್ಫಿನ್ ಅದರ ಮಾಂಸದ ರುಚಿ ಕಂಡವರಲ್ಲ. ಅಜ್ಜಿ ಬಿಟ್ಟುಹೋದ, ಚರ್ಮ ಹೆರೆಯುವ ಮೂಳೆಯ ಉಳಿಯಿಂದ ಅವರು ಮೂಸ್ ಎಂಬ ಇನ್ನೊಂದು ದೊಡ್ಡ ಜಿಂಕೆಯ ಚರ್ಮವನ್ನಷ್ಟೇ ಹೆರೆದಿದ್ದರು. ಸಾಯುವುದರೊಳಗೆ ಒಂದು ಕ್ಯಾರಿಬೂ ಚರ್ಮ ಹೆರೆದು ಮೊಮ್ಮಗಳಿಗೆ ಕಲಿಸಬೇಕು ಎಂಬುದು ಅವರ ಆಸೆ. ಅದಕ್ಕೆ ಮೊದಲು ಹಿಂಡು ಉಳಿಯಬೇಕಿತ್ತು.

ಹಿಂಡು ಕರಗುತ್ತಿದ್ದ ಕಾರಣ ಸರಳ. ಹಳೆಯ ಕಾಡು ಕಡಿದಲ್ಲಿ ಎಳೆ ಚಿಗುರು ಬರುತ್ತದೆ. ಚಿಗುರಿಗೆ ಮೂಸ್ ಬರುತ್ತದೆ, ಮೂಸ್ ಹಿಂದೆ ತೋಳ. ಕ್ಯಾರಿಬೂಗೆ ಇರುವ ರಕ್ಷಣೆ ಎತ್ತರ ಮತ್ತು ಆಳವಾದ ಹಿಮ. ಅಗಲ ಗೊರಸಿನ ಅದು ಹಿಮದ ಮೇಲೆ ನಡೆದೀತು, ತೋಳ ಹೊಟ್ಟೆಯವರೆಗೆ ಹೂತುಹೋಗುತ್ತದೆ. ಆದ್ದರಿಂದ ಪ್ರತಿ ಮಾರ್ಚಿನಲ್ಲಿ ಗಬ್ಬದ ಹೆಣ್ಣುಗಳನ್ನು ಹಿಡಿದು, ಕಪ್ಪು ಬಟ್ಟೆಯ ಗೋಡೆ ಕಟ್ಟಿದ ದೊಡ್ಡಿಯಲ್ಲಿಟ್ಟು, ಕರುಗಳಿಗೆ ಓಡುವ ಕಾಲು ಬಂದ ಮೇಲೆ ಬಿಡುತ್ತಿದ್ದೆವು. ಊರವರು ಅದನ್ನು ಬಾಣಂತಿ ದೊಡ್ಡಿ ಎನ್ನುತ್ತಿದ್ದರು. ಮನೆಮನೆಯವರೂ ಶರತ್ಕಾಲದಲ್ಲಿ ಕಲ್ಲುಹೂವು ಕಿತ್ತು ಚೀಲ ತುಂಬಿ ಕೊಡುತ್ತಿದ್ದರು. ಕಾವಲು ಡೆಲ್ಫಿನ್ ಅವರದು. ಬೇಟೆಯ ಪ್ರಾಣಿಯನ್ನು ನಾಯಿಯಂತೆ ಮಾತಾಡಿಸಬಾರದು ಎಂಬ ರೂಢಿ ಇದೆ. ಅವರು ಮೇವು ಸುರಿದು, ಬೆನ್ನು ತಿರುಗಿಸಿ ಕೂತು ಕಾಲುಚೀಲ ಹೆಣೆಯುತ್ತಿದ್ದರು.

ಇನ್ನೊಂದು ನಿಯಮವಿತ್ತು. ಚಳಿಗಾಲವಿಡೀ, ದೊಡ್ಡಿ ತೆರೆದು ಕರುಗಳನ್ನು ಬಿಡುವ ದಿನದವರೆಗೆ, ಬೆಟ್ಟದ ಮೇಲಕ್ಕೆ ಹಿಮಗಾಡಿ ಒಯ್ಯುವಂತಿಲ್ಲ. ಗಾಡಿ ಓಡಿದ ಕಡೆ ಹಿಮ ಗಟ್ಟಿಯಾಗಿ ರಸ್ತೆಯಾಗುತ್ತದೆ. ಆ ನಿಯಮ ಮಾಡಿದವರಲ್ಲಿ ಡೆಲ್ಫಿನ್ ಕೂಡ ಒಬ್ಬರು.

ಅದೇ ವರ್ಷ, ಹೆಲಿಕಾಪ್ಟರ್ ಬರುವ ಹಿಂದಿನ ತಿಂಗಳು, ಫೆಬ್ರವರಿಯಲ್ಲಿ ಮಳೆ ಬಂತು. ಆಮೇಲೆ ಕೊರೆಯುವ ಚಳಿ. ಬೆಟ್ಟದ ನೆತ್ತಿಯ ಹಿಮದ ಮೇಲೆ ಗಾಜಿನಂಥ ಮಂಜುಗಡ್ಡೆ ಕೂತಿತು. ಕೊನೆಯ ಗಂಡೂ ಚಳಿಗಾಲದ ಮೊದಲೇ ಸತ್ತು ಉಳಿದಿದ್ದ ಐದು ಹೆಣ್ಣುಗಳು ಗೊರಸಿನಿಂದ ಕೆರೆದು ಮೇವು ಹುಡುಕಲಾರವು ಎಂದು ಡೆಲ್ಫಿನ್‌ಗೆ ಹೆದರಿಕೆಯಾಯಿತು. ನಾರ್ಬರ್ಟ್ ಎಷ್ಟೋ ಹೇಳಿದ.

"ನಡ್ಕೊಂಡು ಹೋಗೋಣ ಅಕ್ಕಾ. ಗಾಡಿ ಬೇಡ."

"ನಿನ್ನ ಹೊಟ್ಟೆ ಹೊತ್ಕೊಂಡು ನೀನು ಹತ್ತೋ ಹೊತ್ಗೆ ಅವು ಉಪವಾಸ ಸತ್ತಿರ್ತವೆ. ಬಸುರಿಯರು ಕಣೋ."

ಅವರು ಗಾಡಿಯಲ್ಲೇ ಮೇವು ಸಾಗಿಸಿ ಗಿಡಗಳ ಬುಡದಲ್ಲಿ ಹರಡಿ ಬಂದರು. ಒಂದು ದಿನವಲ್ಲ, ಒಂದು ವಾರ. ಹೆಣ್ಣುಗಳು ಬಂದು ತಿಂದವು.

ನಾವು ಅವುಗಳ ಕೊರಳಿಗೆ ಕಟ್ಟಿದ್ದ ಪಟ್ಟಿಯ ರೇಡಿಯೊ, ಪ್ರಾಣಿ ಬಹಳ ಹೊತ್ತು ಅಲುಗಾಡದಿದ್ದರೆ ಬೇಗ ಬೇಗ ಮಿಡಿಯುತ್ತದೆ. ತಿಂಗಳ ಕೊನೆಯೊಳಗೆ ನಾಲ್ಕು ಪಟ್ಟಿಗಳು ಹಾಗೆ ಮಿಡಿದವು. ನಾವು ಮೇಲೆ ಹೋದಾಗ ಗಾಡಿಯ ಜಾಡಿನ ಸರಿ ನಡುವೆ ತೋಳದ ಹೆಜ್ಜೆಗಳಿದ್ದವು, ಒಂದರ ಮೇಲೊಂದು, ಅವಸರವೇ ಇಲ್ಲದೆ. ಡೆಲ್ಫಿನ್ ಕೈಗವಸು ತೆಗೆದು ಒಂದು ಹೆಜ್ಜೆಯೊಳಗೆ ಅಂಗೈ ಇಟ್ಟರು. "ನಾನು ಹಾಕಿದ ರಸ್ತೆ," ಎಂದರು. ಅಲ್ಲವೆನ್ನಬಹುದಿತ್ತು, ಆದರೆ ಸುಳ್ಳಾಗುತ್ತಿತ್ತು.

ಉಳಿದ ಒಂದನ್ನು ಬೆಟ್ಟದಲ್ಲೇ ಬಿಡುವುದೋ ಸಾಗಿಸುವುದೋ ಎಂದು ಊರಿನ ಸಭಾಮನೆಯಲ್ಲಿ ಕೇಳಿದರು. ವನ್ಯಜೀವಿ ಇಲಾಖೆಯಿಂದ ಬಂದಿದ್ದ ಹೆಂಗಸು ಎರಡನ್ನೂ ವಿವರಿಸಿ ಕೂತಳು. ನಾರ್ಬರ್ಟ್ ಎದ್ದುನಿಂತ.

"ಅದು ಹೋದ್ರೆ ನಮ್ಮ ಹಿಂಡು ಮುಗೀತು. ಖಾಲಿ ಬೆಟ್ಟ ಅಂತ ನಾಳೆ ಗರಗಸ ತರ್ತಾರೆ. ಅದು ಇಲ್ಲೇ ಇರ್ಲಿ."

"ಬೆಟ್ಟ ನಮ್ದು ಅನ್ನೋಕೆ ಅದನ್ನ ಗೂಟದ ಥರ ನಿಲ್ಲಿಸ್ಲಾ?" ಎಂದರು ಡೆಲ್ಫಿನ್.

"ನಿನ್ನ ತಪ್ಪು ಮುಚ್ಕೊಳ್ಳೋಕೆ ಕಳಿಸ್ತಿದ್ದೀಯ."

"ಮುಚ್ಚೋಕೆ ಆಗಲ್ಲ ಕಣೋ ನಾರ್ಬರ್ಟ್," ಎಂದರು ಅವರು. "ಅದು ಒಂಟಿಯಾಗಿದೆ. ಒಂಟಿ ಮಾಡಿದ್ದು ನಾನು. ಜೊತೆ ಇರೋ ಕಡೆ ಕಳ್ಸಿ."

ಆ ಮಾರ್ಚ್ ಹದಿನಾಲ್ಕರಂದು ಕಳಿಸಿದೆವು. ಬಲೆಯಿಂದ ಬಿಡಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಕಾಲು ಬಿಗಿದು ಮಲಗಿಸಿದ ಹೆಣ್ಣನ್ನು ಪಶುವೈದ್ಯ ಪರೀಕ್ಷಿಸಿ, ಗಬ್ಬವಾಗಿದೆ ಎಂದ. ಡೆಲ್ಫಿನ್ ಹಿಮದ ಮೇಲೆ ಕಾಣಿಕೆಯಾಗಿ ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟರು. ಆಮೇಲೆ ಮಂಡಿಯೂರಿ, ಇಷ್ಟು ವರ್ಷ ಮಾಡದಿದ್ದುದನ್ನು ಮಾಡಿದರು. ಅದರ ಕಿವಿಯ ಹತ್ತಿರ ಬಾಗಿ ಮಾತಾಡಿದರು.

"ಅಲ್ಲಿ ನಿನ್ನಂಥೋರು ಇದಾರಂತೆ. ಹೆರಿಗೆಗೆ ಜೊತೆಯಾಗುತ್ತೆ. ಹೋಗಮ್ಮ."

ಹೆಲಿಕಾಪ್ಟರ್ ಎದ್ದಾಗ ಹಾರಿದ ಹಿಮ ಅವರ ಕೂದಲು, ಹುಬ್ಬುಗಳ ಮೇಲೆಲ್ಲ ಕೂತಿತು. ನಾರ್ಬರ್ಟ್ ಬಂದು ತನ್ನ ಟೋಪಿಯಿಂದ ಒರೆಸಿದ.

ಬೇಸಿಗೆಯಲ್ಲಿ ದೊಡ್ಡಿಯ ಬಟ್ಟೆ ಬಿಚ್ಚಿ ಸುತ್ತಿಟ್ಟೆವು. ಮರುವರ್ಷ ಇಳಿಜಾರಿನ ಮರಗಳಿಗೆ ಕಡಿಯುವ ಗುರುತಾಗಿ ಅಳತೆಯವರ ಕಿತ್ತಳೆ ಪಟ್ಟಿಗಳು ಬಂದವು. ನಾರ್ಬರ್ಟ್ ಹೇಳಿದ್ದು ಸರಿಯಾಗಿತ್ತು, ಆದರೆ ಅವನು ಆ ಮಾತನ್ನು ಅಕ್ಕನೆದುರು ಎತ್ತಲಿಲ್ಲ. ಅದಕ್ಕೂ ಮೊದಲು, ದಕ್ಷಿಣದಲ್ಲಿ ಆ ಹೆಣ್ಣು ಕರು ಹಾಕಿತೆಂದು ಸುದ್ದಿ ಬಂದಾಗ ಡೆಲ್ಫಿನ್ "ಒಳ್ಳೇದಾಯ್ತು" ಎಂದು ಒಲೆಗೆ ಸೌದೆ ಹಾಕಿದ್ದರು. ಆ ಕರು ನಮ್ಮ ಬೆಟ್ಟವನ್ನು ಕಾಣುವುದಿಲ್ಲ. ಮೂಳೆಯ ಉಳಿಯನ್ನು ಮೊಮ್ಮಗಳಿಗೆ ಕೊಟ್ಟರು, ಏನೂ ಕಲಿಸದೆ. ಮುಂದಿನ ಶರತ್ಕಾಲದಲ್ಲಿ ಎದೆನೋವಿನಿಂದ ತೀರಿಕೊಂಡರು. ಅವರಿಗೆ ಅರವತ್ತೊಂಬತ್ತು.

ಅವರನ್ನು ಹೂಳಿ ಬಂದ ದಿನ ನಾರ್ಬರ್ಟ್, ದೊಡ್ಡಿ ಕಟ್ಟುವ ಮೊದಲು ನಡೆದ ಒಂದು ಸಭೆಯ ಕತೆ ಹೇಳಿದ. ಇಲಾಖೆಯ ಒಬ್ಬ ಅಧಿಕಾರಿ, ಇವರೆಲ್ಲ ಪ್ರಾಣಿ ಸಾಕುವುದು ಕೊಲ್ಲುವುದಕ್ಕೇ ಎಂಬ ಧ್ವನಿಯಲ್ಲಿ, "ಬೇಟೆಗಾಗಿ ಇನ್ನೆಷ್ಟು ವರ್ಷ ಕಾಯೋಕೆ ತಯಾರಿದ್ದೀರಿ?" ಎಂದು ಕೇಳಿದ್ದನಂತೆ. "ಮುಂದಿನ ಸೋಮವಾರದವರೆಗೆ," ಎಂದು ನಾರ್ಬರ್ಟ್ ತಮಾಷೆ ಮಾಡಿ ಎಲ್ಲರನ್ನೂ ನಗಿಸಿದ್ದ. ಡೆಲ್ಫಿನ್ ನಗಲಿಲ್ಲ. ನಗು ನಿಲ್ಲುವವರೆಗೆ ಕಾದು, ಅಧಿಕಾರಿಯ ಮುಖ ನೋಡಿಕೊಂಡು ಗಟ್ಟಿಯಾಗಿ ಹೇಳಿದ್ದರು:

"ನೂರು ವರ್ಷ."