ಜಾಲಿ ಮುಳ್ಳಿಗೆ ಹಾಡು ಕಲಿಸಿದ ಅಂತೋಣಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಸರೆಯ ಕಡೆ ಹೋಗುವ ಗಾಡಿದಾರಿಯ ಪಕ್ಕದ ಜಾಲಿ ಮರದ ಕೆಳಗೆ ಹೆಂಗಸೊಬ್ಬರು ಕೊಂಬೆ ಬಗ್ಗಿಸಿಕೊಂಡು ನಿಂತಿದ್ದಾರೆ. ಮೇಕೆಗೆ ಸೊಪ್ಪು ಕೀಳುತ್ತಿದ್ದಾರೆ ಎಂದುಕೊಂಡೀರಿ, ಸೊಪ್ಪನ್ನು ಅವರು ಮುಟ್ಟುವುದೇ ಇಲ್ಲ. ಒಂದೊಂದು ಮುಳ್ಳನ್ನೂ ಉಗುರಿನಿಂದ ತಟ್ಟಿ ನೋಡುತ್ತಾರೆ. ಬಲಿತಿದ್ದರೆ ಮುರಿದು ಸೆರಗಿನ ಗಂಟಿಗೆ, ಎಳೆಯದಾದರೆ ಹಾಗೇ ಮರಕ್ಕೆ. ಮಾರುಕಟ್ಟೆಗೆ ಗಾಡಿ ಹೊಡೆದುಕೊಂಡು ಹೊರಟ ರೈತನೊಬ್ಬ ಸುಮ್ಮನೆ ಹೋಗಲಾರದೆ ಕೇಳಿಯೇಬಿಡುತ್ತಾನೆ: "ಏನಮ್ಮೋ, ಎದ್ದೇಟ್ಗೆ ಮುಳ್ಳು ಕೀಳ್ತಾ ಇದ್ದೀರ! ಯಾರ ದಾರಿಗೆ ಹಾಕೋಕೆ?"

"ದಾರಿಗಲ್ಲ ಕಣಪ್ಪ, ಹಾಡ್ಸೋಕೆ" ಎನ್ನುತ್ತಾರೆ ಹೆಂಗಸು, ತಿರುಗಿಯೂ ನೋಡದೆ. ಪಾಪ, ಆ ರೈತ ಎತ್ತಿನ ಬಾಲ ತಿರುವಿ ಗಾಡಿಯನ್ನು ಜೋರಾಗಿಯೇ ಓಡಿಸುತ್ತಾನೆ.

ಇವರು ಮಂಡಿ ಮೊಹಲ್ಲಾದ ಅಂತೋಣಮ್ಮ. ವಯಸ್ಸೆಷ್ಟು ಎಂದರೆ "ಮೊದಲ್ನೇ ಪ್ಲೇಗು ಬಂದಾಗ ಲಂಗ ಉಟ್ಕೊಂಡು ಓಡಾಡ್ತಿದ್ದೆ, ನೀವೇ ಲೆಕ್ಕ ಹಾಕ್ಕೊಳಿ" ಎನ್ನುತ್ತಾರೆ. ತಲೆಯ ಮೇಲೆ ಗ್ರಾಮಫೋನ್ ಪೆಟ್ಟಿಗೆ, ಕಂಕುಳಲ್ಲಿ ಅದರ ಹಿತ್ತಾಳೆಯ ಕೊಂಬು, ಹೆಗಲಿಗೆ ಹಾಡಿನ ಪ್ಲೇಟುಗಳ ಚೀಲ ಏರಿಸಿಕೊಂಡು ಮನೆಯಿಂದ ಮನೆಗೆ ಹೋಗಿ ಹೆಂಗಸರಿಗೆ ಹಾಡು ಕೇಳಿಸುವುದು ಇವರ ಕಸುಬು. ಗಂಡಸರಿಗೇನು ಕಮ್ಮಿ? ನಾಟಕ ಉಂಟು, ಈಗ ಟಾಕಿ ಸಿನಿಮಾ ಉಂಟು, ಹೋಟೆಲಿನ ಮುಂದೆ ನಿಂತರೆ ಗ್ರಾಮಫೋನ್ ಹಾಡು ಪುಕ್ಕಟೆ ಉಂಟು. ಹೊಸಿಲು ದಾಟಿದರೆ ಮಾನ ಹೋಯಿತು ಎನ್ನುವ ಮನೆಗಳ ಹೆಣ್ಣುಮಕ್ಕಳಿಗೆ ಇದ್ದವರು ಅಂತೋಣಮ್ಮ ಒಬ್ಬರೇ. ಸೀಮಂತ, ನಾಮಕರಣ, ಗೌರಿ ಹಬ್ಬ, ಏನಿದ್ದರೂ ಹಿತ್ತಿಲ ಬಾಗಿಲಿಂದ ಇವರ ಪೆಟ್ಟಿಗೆ ಒಳಗೆ ಬರಲೇಬೇಕಿತ್ತು.

ಬರಬೇಕಿತ್ತು ಎಂದೇ ಹೇಳಬೇಕಾಗಿದೆ. ನಮ್ಮೂರಿಗೂ ರೇಡಿಯೋ ಬಂತಲ್ಲ! ಒಂಟಿಕೊಪ್ಪಲಿನ ಮಾಳಿಗೆಗಳ ಮೇಲೆ ಈಗ ಎತ್ತ ನೋಡಿದರೂ ಬಿದಿರಿನ ಗಳು, ಗಳುವಿನಿಂದ ಗಳುವಿಗೆ ರೇಡಿಯೋದ ತಂತಿ. ತಂತಿ ಕಟ್ಟಿದ ಮನೆಯವರು ಒಬ್ಬೊಬ್ಬರಾಗಿ ಅಂತೋಣಮ್ಮನನ್ನು ಮರೆತರು. ಉಳಿದದ್ದು ಅದೇ ಒಂಟಿಕೊಪ್ಪಲಿನ ಪುಟ್ಟತಾಯಮ್ಮನವರ ಮನೆ. ಆ ಸಾಲಿನ ಹೆಂಗಸರೆಲ್ಲ ಪುಟ್ಟತಾಯಮ್ಮ ಉಪ್ಪಿನಕಾಯಿಗೆ ಎಷ್ಟು ಖಾರ ಹಾಕಿದರು ಎಂಬುದನ್ನೂ ನೋಡಿ ನಡೆಯುವವರು. ಅಲ್ಲಿ ಹಾಡು ನಿಂತರೆ ಎಲ್ಲ ಕಡೆಯೂ ನಿಂತ ಹಾಗೆ. ಈ ಹೊತ್ತು ಅದೇ ಮನೆಯಲ್ಲಿ ಸೊಸೆ ಭಾಗ್ಯಮ್ಮನ ಸೀಮಂತ. ಹೋದ ವಾರವೇ ಪುಟ್ಟತಾಯಮ್ಮನವರ ಮಗ ಸದಾಶಿವಯ್ಯ ಎದುರಿಗೆ ಸಿಕ್ಕು, "ಈ ಸಲ ತೊಂದ್ರೆ ತಗೋಬೇಡಿ ಅಂತೋಣಮ್ಮ, ರೇಡಿಯೋ ಇಟ್ಟಿದ್ದೀವಿ" ಎಂದು ಮರ್ಯಾದೆಯಾಗಿಯೇ ಹೇಳಿದ್ದಾರೆ.

ಮತ್ತೆ ಈ ಮುಳ್ಳು ಯಾಕೆ? "ಕರೀಲಿಲ್ಲ ಅಂತ ಕೈ ಸುಮ್ನಿರುತ್ತಾ? ಸೀಮಂತದ ದಿನ ಮುಳ್ಳು ಕಿತ್ತು ಕಿತ್ತು ಅಭ್ಯಾಸ ಆಗೋಗದೆ" ಎಂದು ಅಂತೋಣಮ್ಮ ಸೆರಗಿನ ಗಂಟು ಬಿಗಿಯುತ್ತಾರೆ. ಮಾತು ಹಗುರವಾಗಿದೆ, ಮುಖ ಹಾಗಿಲ್ಲ.

ಈ ಮುಳ್ಳಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಗ್ರಾಮಫೋನಿನ ಸೂಜಿಗೆ ನಮ್ಮ ಕಡೆ ಮುಳ್ಳು ಎಂದೇ ತಾನೆ ಹೆಸರು? ಅಂತೋಣಮ್ಮನ ಗಂಡ ಇರುದಯರಾಜ್ ಮದುವೆಯ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ತನ್ನ ಸೀಮೆಗೆ ವಾಪಸು ಹೊರಟ ಬಿಳಿ ದೊರೆಯೊಬ್ಬನ ಮನೆಯ ಹರಾಜಿನಲ್ಲಿ ಈ ಪೆಟ್ಟಿಗೆ ಕೊಂಡು ತಂದು, ಹೆಂಡತಿಗೂ ಮುಟ್ಟಗೊಡದೆ ಸಾಕಿದ್ದರು. ಇನ್‌ಫ್ಲುಯೆಂಜಾ ಊರನ್ನೇ ಗುಡಿಸಿಕೊಂಡು ಹೋದ ವರ್ಷ ಅವರೂ ಹಾಸಿಗೆ ಹಿಡಿದರು. ಒಂದು ಸಂಜೆ ಮಲಗಿದಲ್ಲಿಂದಲೇ, "ಒಂದು ಹಾಡು ಹಾಕೇ. ಮುಳ್ಳು ಸವೆದಿದೆ, ಬೇರೆ ಮುಳ್ಳು ಸಿಕ್ಸು" ಎಂದರು. ಈ ಮಹಾತಾಯಿ ಹಿತ್ತಿಲಿಗೆ ಓಡಿಹೋಗಿ ಬೇಲಿಯಿಂದ ಒಂದು ಜಾಲಿ ಮುಳ್ಳು ಮುರಿದು ತಂದು ಸಿಕ್ಕಿಸಿಯೇಬಿಟ್ಟರು!

"ಹಾಡ್‌ಬುಡ್ತು ಕಣ್ರೀ ಅದು! ಮೆತ್ತಗೆ, ಪಕ್ಕದ ಮನೇಲಿ ಯಾರೋ ತಮ್ಮಷ್ಟಕ್ಕೆ ಹಾಡ್ಕೊಂಡಂಗೆ. ಅವರು ಕೆಮ್ಮು ಬರೋವರ್ಗೂ ನಕ್ಕರು. ‘ಅಯ್ಯೋ ಪೆದ್ದಿ, ಡಬ್ಬೀಲಿ ಉಕ್ಕಿನ ಮುಳ್ಳಿತ್ತಲ್ಲೇ’ ಅಂದ್ರು. ಆಮೇಲೆ ‘ಇರ್ಲಿ ಬುಡು, ಇದೇ ಚೆನ್ನಾಗದೆ’ ಅಂದ್ರು. ಅದೇ ವಾರದಲ್ಲಿ ಹೋಗ್‌ಬುಟ್ರು." ಇದನ್ನು ಹೇಳುವಾಗ ಅಂತೋಣಮ್ಮನ ಮುಖದಲ್ಲಿ ನಗುವೇ ಇದೆ. ಗಂಡನನ್ನು ಕೊನೆಯ ಸಲ ನಗಿಸಿದ್ದು ತಮ್ಮ ಪೆದ್ದುತನವಾದ್ದರಿಂದ ಅದನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ.

ಆ ಪೆದ್ದುತನವೇ ಹೊಟ್ಟೆಪಾಡಾಯಿತು. ಉಕ್ಕಿನ ಮುಳ್ಳಿನ ಹಾಡು ಬೀದಿಯ ಕೊನೆಗೂ ಕೇಳುತ್ತದೆ. ಜಾಲಿ ಮುಳ್ಳಿನದು ಕೋಣೆ ದಾಟುವುದಿಲ್ಲ. ಜಗಲಿಯ ಮೇಲೆ ಕೂತ ಮಾವನ ಕಿವಿಗೆ ಬೀಳದ ಹಾಗೆ ಸೊಸೆಯರು ನಾಟಕದ ಶೃಂಗಾರದ ಹಾಡು ಕೇಳಬೇಕಾದರೆ ಬೇರೆ ಉಪಾಯ ಯಾವುದಿದೆ ಹೇಳಿ! ಕಿತ್ತ ಮುಳ್ಳನ್ನು ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿ, ಹರಳೆಣ್ಣೆ ಸವರಿಟ್ಟು, ಪ್ರತಿ ಪ್ಲೇಟಿಗೂ ಮೊನೆಯನ್ನು ಓರೆಯಾಗಿ ಕತ್ತರಿಸಿ ಹಾಕುತ್ತಾರೆ. ಉಕ್ಕಿನ ಹಾಗೆ ಅದು ಪ್ಲೇಟನ್ನು ತಿನ್ನುವುದೂ ಇಲ್ಲ. ಗಂಡ ತಂದ ಪ್ಲೇಟುಗಳೇ ಇನ್ನೂ ಹಾಡುತ್ತಿವೆ.

ಜನರ ರುಚಿಯನ್ನಂತೂ ಇವರು ತಲೆಯ ಮೇಲೆ ಹೊತ್ತುಕೊಂಡೇ ನೋಡಿದವರು. "ಮೊದ್ಮೊದ್ಲು ಪೆಟ್ಟಿಗೆ ಹಿಂದುಗಡೆ ಬಗ್ಗಿ ನೋಡೋರು, ಯಾರಾದ್ರೂ ಕೂತವ್ರಾ ಅಂತ. ದೇವರನಾಮ ಬುಟ್ಟು ಬೇರೇದು ಹಾಕಿದ್ರೆ ಕಿವಿ ಮುಚ್ಕೊಳೋರು. ಆಮೇಲೆ ಅವರೇ ‘ನಾಟಕದ್ದು ಹಾಕಮ್ಮ’ ಅಂದ್ರು. ಈಗಿನ ಹುಡ್ಗೀರು ಟಾಕಿ ಹಾಡು ಇಲ್ದಿದ್ರೆ ‘ಏನಜ್ಜಿ, ತಂಗಳು ತಂದಿದ್ದೀಯಾ’ ಅಂತಾರೆ." ದೇವರಾಜ ಮೊಹಲ್ಲಾದಲ್ಲಿ ಪ್ಲೇಟು ಮಾರುವ ಅಂಗಡಿಯ ಷಡಕ್ಷರಿ ಇದಕ್ಕೆ ತಲೆಯಾಡಿಸುತ್ತಾರೆ. ಒಂದು ಕಾಲಕ್ಕೆ ಅವರ ಅಂಗಡಿಯ ಬಾಗಿಲಲ್ಲಿ ಕೊಂಬುಗಳು ಸಾಲಾಗಿ ಹೊಳೆಯುತ್ತಿದ್ದವು. ಆಮೇಲೆ ಕೊಂಬಿಲ್ಲದ ಪೆಟ್ಟಿಗೆ ಬಂತು, ಈಗ ಆ ಜಾಗದಲ್ಲಿ ರೇಡಿಯೋ ಕೂತಿದೆ. "ಕೊಂಬಿಂದು ಕೊಡ್ತೀನಿ ಅಂದ್ರೆ ಜನ ನಗ್ತಾರೆ ಸ್ವಾಮಿ. ಎಲ್ಲಾ ಅಟ್ಟ ಸೇರ್ತು. ಅಂತೋಣಮ್ಮ ಒಬ್ರೇ ಅದಕ್ಕೆ ಈಗ್ಲೂ ಹುಣಸೆಹಣ್ಣು ಹಾಕಿ ತಿಕ್ಕೋದು" ಎನ್ನುತ್ತಾರೆ.

ಗಂಡ ಸತ್ತವರನ್ನು ಶುಭಕಾರ್ಯಕ್ಕೆ ಕರೆಯುತ್ತಾರೆಯೇ ಎಂದು ಓದುಗರಿಗೆ ಅನಿಸಬಹುದು. ಅಂತೋಣಮ್ಮನಿಗೂ ಮೊದಮೊದಲು ಅದೇ ಅಳುಕು. ಆಗ ಪುಟ್ಟತಾಯಮ್ಮನೇ ಇತ್ಯರ್ಥ ಮಾಡಿದ್ದು: "ಹಾಡೋದು ಪೆಟ್ಟಿಗೆ. ಪೆಟ್ಟಿಗೆಗೆ ಯಾವ ವೈಧವ್ಯಮ್ಮಾ? ಸುಮ್ನೆ ಬಾ ಒಳಗೆ!" ಅಲ್ಲಿಂದ ಒಂದು ಹೊಸ ಶಾಸ್ತ್ರವೇ ಹುಟ್ಟಿತು. ಹಾಡಿದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಅವಳು ಪ್ಲೇಟಿನೊಳಗೆ ಇದ್ದಾಳಲ್ಲ, ಅದಕ್ಕೇ ಪ್ಲೇಟಿನ ನಡುವೆ ಅರಿಶಿನ ಕುಂಕುಮ ಹಚ್ಚುವುದು, ತಾಂಬೂಲವನ್ನು ಅವಳ ಪರವಾಗಿ ಅಂತೋಣಮ್ಮನ ಕೈಗೆ ಕೊಡುವುದು.

ಎಡವಟ್ಟು ಆದದ್ದೂ ಈ ಕುಂಕುಮದಿಂದಲೇ. ಅಂತೋಣಮ್ಮನಿಗೆ ಓದು ಬಾರದು. ಪ್ಲೇಟಿನ ನಡುವಿನ ಕಾಗದದ ಮೇಲೆ ಸುಣ್ಣದಿಂದ ಗುರುತು ಮಾಡಿಕೊಂಡಿದ್ದರು: ದೇವರ ಹಾಡಿಗೆ ಒಂದು ಬೊಟ್ಟು, ಶೃಂಗಾರಕ್ಕೆ ಎರಡು, ಅಳುವಿನ ಹಾಡಿಗೆ ಅಡ್ಡಗೀಟು. ಯಾವುದೋ ಮನೆಯಲ್ಲಿ ಯಾರೋ ಭಕ್ತಿಯಿಂದ ಧಾರಾಳವಾಗಿ ಕುಂಕುಮ ಮೆತ್ತಿದರು, ಅಡ್ಡಗೀಟು ಮುಚ್ಚಿಹೋಯಿತು. ಅದಾದ ಮೇಲೆ ಬಂದದ್ದು ಪುಟ್ಟತಾಯಮ್ಮನ ಕಿರಿಯ ಮಗಳ ಸೀಮಂತ. ಬಸುರಿ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಾಳೆ, ಮುತ್ತೈದೆಯರು ಸುತ್ತ ನೆರೆದಿದ್ದಾರೆ, ಅಂತೋಣಮ್ಮ ಕೀ ಕೊಟ್ಟು ಪ್ಲೇಟು ಹಾಕುತ್ತಾರೆ. ಕೊಂಬಿನಿಂದ ಹೊರಟದ್ದು ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಎದೆ ಬಡಿದುಕೊಂಡು ಅಳುವ ನಾಟಕದ ಹಾಡು!

"ಭೂಮಿ ಬಾಯಿ ಬಿಟ್ರೆ ಸಾಕು ಅನ್ನಿಸ್ತು ಕಣ್ರೀ. ಎತ್ತೋಣ ಅಂತ ಮುಳ್ಳಿಗೆ ಕೈ ಹಾಕ್ದೆ. ಅಷ್ಟ್ರಲ್ಲಿ ಪುಟ್ಟತಾಯಮ್ಮೋರು ಎದ್ದು ಬಂದ್ರು. ಬೈತಾರೆ ಅಂದ್ಕೊಂಡೆ. ಪೆಟ್ಟಿಗೆ ಎತ್ಕೊಂಡು ಬಾ ಅಂತ ಹಿಂದಿನ ಕೋಣೆಗೆ ಕರ್ಕೊಂಡೋಗಿ ಬಾಗ್ಲು ಹಾಕ್ಕೊಂಡ್ರು. ‘ಅದನ್ನೇ ಇನ್ನೊಂದ್ಸಲ ಹಾಕು’ ಅಂದ್ರು."

ಪುಟ್ಟತಾಯಮ್ಮನ ಹಿರಿಯ ಮಗಳು ಅದೇ ಮನೆಯಲ್ಲಿ, ಚೊಚ್ಚಲ ಹೆರಿಗೆಯಲ್ಲಿ, ಕೂಸಿನ ಜೊತೆಗೇ ಹೋದವಳು. ಮನೆ ತುಂಬ ಮಕ್ಕಳು, ಹಬ್ಬ, ಬಂದುಹೋಗುವ ನೆಂಟರು. ಶುಭದ ದಿನ ಅಳಬಾರದು, ಉಳಿದ ದಿನ ಅಳಲು ಹೊತ್ತಿಲ್ಲ. ಅವತ್ತು ಬಾಗಿಲು ಹಾಕಿಕೊಂಡು ಆಕೆ ಅತ್ತದ್ದೇ ಮೊದಲು. ಜಾಲಿ ಮುಳ್ಳಾದ್ದರಿಂದ ಹೊರಗೆ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮುಖ ತೊಳೆದು ಬಂದು ಮಗಳಿಗೆ ಆರತಿ ಎತ್ತಿದರು. ಆ ಮಗಳು ಸುಖವಾಗಿ ಹೆತ್ತಳು. ಅಲ್ಲಿಂದ ಈಚೆಗೆ ಆ ಮನೆಗೆ ಹೋದಾಗಲೆಲ್ಲ ಕೊನೆಗೆ ಒಂದು ಗಳಿಗೆ ಹಿಂದಿನ ಕೋಣೆ, ಆ ಒಂದು ಪ್ಲೇಟು. ಬೇರೆ ಪ್ಲೇಟುಗಳದನ್ನು ಒರೆಸಿದರೂ ಅದರ ಕುಂಕುಮವನ್ನು ಅಂತೋಣಮ್ಮ ಒರೆಸಿಲ್ಲ. ಈಗ ಅದೇ ಅದರ ಗುರುತು.

ಇದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮಂಡಿ ಮೊಹಲ್ಲಾದ ಮನೆಯೊಳಗೆ ಬಿಸಿಲು ಬಂದು ಹೋಗಿದೆ. ಕೊಂಬು ತಿಕ್ಕಿಟ್ಟದ್ದಾಯಿತು, ಪ್ಲೇಟು ಒರೆಸಿಟ್ಟದ್ದಾಯಿತು. ಅಂತೋಣಮ್ಮ ಹೊಸಿಲಿಗೂ ಒಲೆಗೂ ಸುಮ್ಮನೆ ಓಡಾಡುತ್ತಾರೆ. ನಾಲ್ಕರ ಹೊತ್ತಿಗೆ ಜಟಕಾವೊಂದು ಬೀದಿಗೆ ತಿರುಗುತ್ತದೆ. "ಒಂಟಿಕೊಪ್ಪಲ್‌ನಿಂದ ಕಣಮ್ಮ. ದೊಡ್ಡಮ್ಮಾವ್ರು ಹಂಗೇ ಕರ್ಕೊಂಬಾ ಅಂದವ್ರೆ" ಎನ್ನುತ್ತಾನೆ ಗಾಡಿಯವನು. ಅಷ್ಟು ವಯಸ್ಸಿನ ಹೆಂಗಸು ಪೆಟ್ಟಿಗೆಯನ್ನು ಎಷ್ಟು ಬೇಗ ಎತ್ತಿ ಗಾಡಿಗಿಟ್ಟರು ಎಂದು ನೋಡಬೇಕಿತ್ತು!

ಹೋಗಿ ನೋಡಿದರೆ ಹಜಾರದಲ್ಲಿ ರೇಡಿಯೋ ಮೆರೆಯುತ್ತಿದೆ. ಗಂಡಸರೆಲ್ಲ ಕುರ್ಚಿ ಹಾಕಿಕೊಂಡು ಅದರ ಮುಂದೆ, ಹೆಂಗಸರೆಲ್ಲ ಬಾಗಿಲ ಪರದೆಯ ಹಿಂದೆ. ವೀಣೆಯ ನಾದ ಬರುತ್ತದೆ. ಅಂತೋಣಮ್ಮನೂ ಪರದೆಗೆ ಕಿವಿಯಾನಿಸಿ ನಿಲ್ಲುತ್ತಾರೆ. "ಎಂಥಾ ಚೆಂದ ಕಣ್ರೀ! ಕೀ ಕೊಡೋ ಹಾಗೂ ಇಲ್ಲ, ಮುಳ್ಳಿನ ಗೊಡವೇನೂ ಇಲ್ಲ!" ಮತ್ಸರಪಡುವ ಜಾಯಮಾನವೇ ಅವರದಲ್ಲ. ವೀಣೆ ಮುಗಿದಾಗ ನಾಟಕದ ಅಭ್ಯಾಸವಿದ್ದ ಮುದುಕರೊಬ್ಬರು "ವನ್ಸ್‌ಮೋರ್!" ಎಂದು ಕೂಗುತ್ತಾರೆ. ರೇಡಿಯೋ ಅದಕ್ಕೆ ಸೊಪ್ಪು ಹಾಕದೆ ಮುಂದಿನ ಭಾಷಣಕ್ಕೆ ಹೋಗುತ್ತದೆ. ಎಲ್ಲರೂ ನಗುತ್ತಾರೆ. ಪುಟ್ಟತಾಯಮ್ಮ ಮಾತ್ರ ನಗುವುದಿಲ್ಲ. ಬೆಳಗಿನಿಂದ ಅವರ ಕಣ್ಣು ಬಸುರಿ ಸೊಸೆಯ ಮೇಲೇ ಇದೆ. ಬಂದು ಅಂತೋಣಮ್ಮನ ತೋಳು ಹಿಡಿಯುತ್ತಾರೆ.

"ಅದು ತಂದಿದ್ದೀಯಾ?"

"ಅದನ್ನ ಬುಟ್ಟು ಬರ್ತೀನಾ ಅಮ್ಮೋರೆ?"

ಹಿಂದಿನ ಕೋಣೆಯ ಬಾಗಿಲು ಮುಚ್ಚುತ್ತದೆ. ಒಳಗೆ ನಡೆದದ್ದನ್ನು ಅಂತೋಣಮ್ಮ ಇಷ್ಟೇ ಹೇಳುತ್ತಾರೆ: ಒಂದು ಸಲ ಹಾಕಿದೆ, ಮುಳ್ಳು ಕತ್ತರಿಸಿ ಇನ್ನೊಂದು ಸಲ ಹಾಕಿದೆ. ಕೊನೆಗೆ ಪುಟ್ಟತಾಯಮ್ಮ ಕಣ್ಣೊರೆಸಿಕೊಂಡು ಪ್ಲೇಟಿಗೆ ಕುಂಕುಮವಿಟ್ಟು ತಾಂಬೂಲ ಕೊಟ್ಟರು. ಬಾಗಿಲು ತೆಗೆದರೆ ಹೊರಗೆ ಸದಾಶಿವಯ್ಯ ನಿಂತಿದ್ದಾರೆ. ಹಜಾರದಲ್ಲಿ ರೇಡಿಯೋ ಸದ್ದಿಲ್ಲ, ಅವರೇ ನಿಲ್ಲಿಸಿ ಬಂದಿದ್ದಾರೆ. ತಾಯಿಯ ಮುಖ ನೋಡುತ್ತಾರೆ, ಪೆಟ್ಟಿಗೆ ನೋಡುತ್ತಾರೆ. ತೀರಿಹೋದವಳು ಅವರಿಗೂ ಅಕ್ಕನೇ ಅಲ್ಲವೇ! ಗ್ರಾಮಫೋನನ್ನು ತಾವೇ ಹೊತ್ತು ಜಟಕಾಕ್ಕೆ ಇಡುತ್ತಾರೆ.

"ಗೌರಿ ಹಬ್ಬಕ್ಕೆ ಗಾಡಿ ಕಳಿಸ್ತೀನಿ, ಬಂದ್ಬಿಡಿ" ಎನ್ನುತ್ತಾರೆ. "ಉಕ್ಕಿನದು ಬೇಡ, ಈ ಜಾಲಿ ಮುಳ್ಳೇ ತನ್ನಿ."

ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಅಂತೋಣಮ್ಮನ ಕೈಯಲ್ಲೇ ಕೇಳಿಸಿದ್ದಾಯಿತು. ಪುಟ್ಟತಾಯಮ್ಮನಿಂದ ಬಂದ ಉತ್ತರ ಇದು: "ಬರ್ಕೊಳ್ಲಿ ಬಿಡು. ಅತ್ತಿದ್ದು ತಾನೆ, ಕದ್ದಿದ್ದೇನಲ್ವಲ್ಲ."

ಒಂಟಿಕೊಪ್ಪಲಿನ ಸಾಲುಮನೆಗಳು ಇನ್ನು ಮತ್ತೆ ಕರೆಯಬಹುದು, ಕರೆಯದೆಯೂ ಇರಬಹುದು. ಅಂತೋಣಮ್ಮನಿಗೆ ಈಗ ಅದರ ಯೋಚನೆ ಅಷ್ಟಾಗಿ ಇದ್ದಂತಿಲ್ಲ. ಬೆಳಿಗ್ಗೆ ಕಿತ್ತ ಮುಳ್ಳುಗಳನ್ನು ಒಲೆಯ ಮೇಲೆ ಹರಡುತ್ತಾ, ನಿಮಗೇನು ಆಸೆ ಎಂಬ ಪ್ರಶ್ನೆಗೆ ಅವರು ಹೇಳುವುದು ಇಷ್ಟು:

"ಆ ಹುಡ್ಗಿ ಭಾಗ್ಯಮ್ಮ ಸುಸೂತ್ರವಾಗಿ ಹೆತ್ತು, ಮಗು ಎತ್ಕೊಂಡು ನನ್ನ ಮುಂದೆ ಬಂದು ಕೂತ್ಕೋಬೇಕು. ನಾನು ಕುಂಕುಮದ ಪ್ಲೇಟು ಈಚೆಗೆ ತೆಗೀಬೇಕು. ಆಗ ಅಮ್ಮೋರು ‘ಇವತ್ತು ಅದು ಬೇಡ ಅಂತೋಣಮ್ಮ, ಯಾವ್ದಾದ್ರೂ ಟಾಕಿ ಹಾಡು ಹಾಕು’ ಅನ್ಬೇಕು. ಅಷ್ಟೇ ಕಣ್ರೀ."