ಡೆಸ್ ಟ್ರೆಲೋರ್ ಅಗೆಯದೆ ಬಿಟ್ಟ ಕಸ

ಡನೋಲಿ ಎಂಬ ಹಳೇ ಚಿನ್ನದ ಊರಿನ ಸುತ್ತಲಿನ ಕಾಡಿನಲ್ಲಿ ಚಿನ್ನ ಹುಡುಕುವವರು ಹಾವಿಗೆ ಹೆದರುವುದಿಲ್ಲ, ಕಸಕ್ಕೆ ಹೆದರುತ್ತಾರೆ. ಹಾವು ಕಂಡರೆ ಪಕ್ಕಕ್ಕೆ ಸರಿದು ನಿಂತರಾಯಿತು. ಕಸ ಹಾಗಲ್ಲ. ಅದು ಲೋಹ ಪತ್ತೆಹಚ್ಚುವ ಡಿಟೆಕ್ಟರಿನಲ್ಲಿ ಚಿನ್ನದ ಹಾಗೆಯೇ ಕಿವಿಗೆ ಕೂಗಿ, ಕಲ್ಲಿನಂಥ ಜೇಡಿಮಣ್ಣನ್ನು ಅರ್ಧ ಗಂಟೆ ಅಗೆಸಿ, ಕೊನೆಗೆ ಒಂದು ತುಕ್ಕು ಮೊಳೆಯಾಗಿ ಕೈಗೆ ಬರುತ್ತದೆ. ನೂರೈವತ್ತು ವರ್ಷಗಳ ಹಿಂದೆ ಇಲ್ಲಿ ಡೇರೆ ಹಾಕಿದ್ದವರು ಚಿನ್ನವನ್ನು ಒಯ್ದು, ಮೊಳೆ, ಡಬ್ಬ, ಲಾಳಗಳನ್ನೆಲ್ಲ ಬಿಟ್ಟುಹೋಗಿದ್ದಾರೆ. ಅದಕ್ಕೇ ಡಿಟೆಕ್ಟರಿನಲ್ಲಿ ಒಂದು ಸ್ವಿಚ್ಚು ಇದೆ. ಅದನ್ನು ಎಡಕ್ಕೆ ತಳ್ಳಿದರೆ ಕಬ್ಬಿಣ ಬಾಯಿ ಮುಚ್ಚುತ್ತದೆ.

ಡೆಸ್ ಟ್ರೆಲೋರ್ ಆ ಸ್ವಿಚ್ಚನ್ನು ಎಡಕ್ಕೆ ತಳ್ಳಿ, ಪೊದೆಗೆ ತಗುಲಿ ಜಾರದಿರಲೆಂದು ಮೇಲೆ ಕಪ್ಪು ಟೇಪು ಸುತ್ತಿದ್ದ. ರೈಲ್ವೆ ಹಳಿ ದುರಸ್ತಿಯ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಬ್ಬಿಣ ಎತ್ತಿದ್ದೇನೆ, ಇನ್ನು ಅದರ ಸಹವಾಸ ಸಾಕು ಎನ್ನುತ್ತಿದ್ದ. ಅಗೆದ ಗುಂಡಿಯನ್ನು ಮುಚ್ಚದೆ ಅವನು ಎದ್ದದ್ದಿಲ್ಲ. ಡೆಸ್ ಒಂದು ಜಾಗ ಬರಿದಾಗಿದೆ ಎಂದರೆ ಉಳಿದವರು ಅತ್ತ ಕಾಲಿಡುತ್ತಿರಲಿಲ್ಲ. ಅಂಥ ಮಾತು ಅವನದು.

ಆ ಮಾತನ್ನೇ ಅವನು ಹನ್ನೊಂದು ವರ್ಷಗಳ ಹಿಂದೆ ತನ್ನ ತಮ್ಮ ಲಿಂಡ್ಸೆಯ ಬಗ್ಗೆ ಆಡಿದ್ದ.

ಹೆಂಡತಿ ಗ್ಲೆನಿಸ್ ಜೊತೆ ಜಗಳವಾಡಿದ ಒಂದು ಫೆಬ್ರವರಿ ಸಂಜೆ ಲಿಂಡ್ಸೆ ಮನೆಯಿಂದ ಹೊರಟವನು ಮರಳಲಿಲ್ಲ. ಕಾಲಲ್ಲಿ ಉಕ್ಕಿನ ತುದಿಯ ಬೂಟು, ಹೆಗಲ ಮೇಲೆ ಗುದ್ದಲಿ. ಡಿಟೆಕ್ಟರ್ ಮನೆಯಲ್ಲೇ ಇತ್ತು. ಮನೆಯ ಹಿಂದಿನ ಕೊರಕಲು ದಾಟಿದರೆ ಹೆದ್ದಾರಿ. ಅವನಂಥ ಒಬ್ಬನು ಉತ್ತರಕ್ಕೆ ಹೋಗುವ ಲಾರಿ ಹತ್ತಿದ್ದನ್ನು ಕಂಡೆವು ಎಂದು ಯಾರೋ ಹೇಳಿದರು. ಆ ಸಂಜೆ ಬಿರುಗಾಳಿ ಮಳೆ ಬಂದು ಕೊರಕಲಿನಲ್ಲಿ ಎರಡು ಹಳೇ ಗಣಿಬಾವಿಗಳ ಬಾಯಿ ಕುಸಿದಿತ್ತು. ಮಣ್ಣಿನಡಿ ಸಿಕ್ಕಿರಬಹುದೇ ಎಂದು ಪೊಲೀಸರು ಕೇಳಿದಾಗ ಡೆಸ್ ತನ್ನ ಡಿಟೆಕ್ಟರ್ ಹಿಡಿದು ಮೂರು ದಿನ ಅಲ್ಲಿ ಅಡ್ಡಾಡಿದ. ಒಂದು ಸದ್ದೂ ಬರಲಿಲ್ಲ.

ಹೋಟೆಲಿನ ಬಾರಿನಲ್ಲಿ ಎಲ್ಲರೆದುರು ಹೇಳಿದ: "ಅವನು ಅಲ್ಲಿಲ್ಲ. ಗುದ್ದಲಿ, ಬೂಟು, ಏನಾದ್ರೂ ಕೂಗ್ಬೇಕಿತ್ತು. ಲಿಂಡ್ಸೆ ಹೊರಟುಹೋಗಿದಾನೆ, ಅಷ್ಟೇ."

ಗ್ಲೆನಿಸ್ ಗಂಡನ ಬಟ್ಟೆಗಳನ್ನು ಹಿತ್ತಲಲ್ಲಿ ಸುಟ್ಟಳು. ಅಂಚೆಪೆಟ್ಟಿಗೆಯ ಮೇಲೆ ತವರಿನ ಹೆಸರು ಬರೆಸಿದಳು. ಮಗಳ ಮದುವೆಯ ಕರೆಯೋಲೆಯಲ್ಲಿ ಅಪ್ಪನ ಹೆಸರಿರಲಿಲ್ಲ. ಅಂದು ತಮ್ಮನ ಮಗಳ ಕೈ ಹಿಡಿದು ಚರ್ಚಿನೊಳಕ್ಕೆ ನಡೆಸಿದ್ದು ಡೆಸ್.

ಈ ಏಪ್ರಿಲ್‌ನಲ್ಲಿ ಅವನು ಹೊಸ ಡಿಟೆಕ್ಟರ್ ಕೊಂಡ. ಹಳೆಯದನ್ನು ಬೇಕರಿಯ ಮರ್ಲ್ ಕೇಳಿದ್ದಳು. ಅಂಗಳದಲ್ಲಿ ಪರೀಕ್ಷಿಸಲೆಂದು ಅವಳು ಸಲಿಕೆಯ ಮೇಲೆ ಅದನ್ನಾಡಿಸಿದಳು. ಸದ್ದಿಲ್ಲ. ಕುದುರೆ ಲಾಳದ ಮೇಲೆ ಆಡಿಸಿದಳು. ಸದ್ದಿಲ್ಲ.

"ಏನ್ ಡೆಸ್, ಕಿವುಡನ್ನ ನನ್ನ ತಲೆಗೆ ಕಟ್ತಿದೀಯಾ?"

"ಕಿವುಡಲ್ಲಮ್ಮ. ಕಬ್ಬಿಣಕ್ಕೆ ಕೂಗಲ್ಲ. ಆ ಟೇಪಿನಡಿ ಸ್ವಿಚ್ಚಿದೆ ನೋಡು."

ಮರ್ಲ್ ಉಗುರಿನಿಂದ ಟೇಪು ಕಿತ್ತಳು. ಅದು ಬೂದಿಯಂತೆ ಪುಡಿಯಾಯಿತು. "ಅಯ್ಯೋ, ಯಾವ ಕಾಲದ್ದಪ್ಪ ಇದು?"

"ಸುತ್ತಿ ಇಪ್ಪತ್ತು ವರ್ಷ ಆಗಿರ್ಬೇಕು. ಒಂದ್ಸಲಾನೂ ಬಿಚ್ಚಿ—" ಎಂದವನು ಅಲ್ಲಿಗೇ ನಿಂತ.

ಮರ್ಲ್ ಮತ್ತೇನೋ ಕೇಳುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಮೊಳೆಗಳೇ ತುಂಬಿದ ಕೊರಕಲಿನಲ್ಲಿ ಮೂರು ದಿನ ಒಂದೇ ಒಂದು ಮೊಳೆ ಕೂಗಿರಲಿಲ್ಲ. ಆ ಮೌನವನ್ನು ಅವನು ಅಂದೇ ಅನುಮಾನಿಸಬೇಕಿತ್ತು. ಅಭ್ಯಾಸಬಲದಿಂದ ಅದು ಹಿತವಾಗಿಯೇ ಕೇಳಿಸಿತ್ತು.

ಮಾರನೆಯ ದಿನದಿಂದ ಡೆಸ್ ಕೊರಕಲಿಗೆ ಹೋಗತೊಡಗಿದ. ಯಾರಿಗೂ ಹೇಳಲಿಲ್ಲ. ಏನಾದರೊಂದು ಸಿಗಲಿ, ಆಮೇಲೆ ಹೇಳೋಣ ಎಂಬುದು ಅವನ ಲೆಕ್ಕ. ಹೊಸ ಡಿಟೆಕ್ಟರಿನ ಸ್ವಿಚ್ಚನ್ನು ಬಲಕ್ಕೆ ತಳ್ಳಿದೊಡನೆ ನೆಲವೆಲ್ಲ ಸಂತೆಯಂತೆ ಗದ್ದಲವೆದ್ದಿತು. ಹೆಜ್ಜೆಗೊಂದು ಸದ್ದು. ಇದು ಮೊಳೆ ಎಂದು ಕಿವಿ ಸ್ಪಷ್ಟವಾಗಿ ಹೇಳಿದರೂ ಅವನು ಮಂಡಿಯೂರಿ ಅಗೆದ. ಮೊಳೆಯೇ ಬಂತು. ಮುಚ್ಚಿದ. ಮುಂದಿನದನ್ನು ಅಗೆದ. ಸಾರ್ಡೀನ್ ಡಬ್ಬದ ಮುಚ್ಚಳ, ಬೇಲಿತಂತಿ, ಬಕೆಟ್ಟಿನ ಹಿಡಿ. ಏಳು ವಾರಗಳಲ್ಲಿ ಅವನ ಮಂಡಿಗಳು ಊದಿಕೊಂಡವು. ಮೊಳೆ ಬಂದರೆ ನಿರಾಳವಾಗುತ್ತಿತ್ತು. ಹಾಗೆ ನಿರಾಳವಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಹೋಟೆಲಿನಲ್ಲಿ ಕ್ಲಾರಿ ಎಂಬ ಹಳೇ ಗೆಳೆಯ ಅವನ ಕೆಂಪು ಕೈಗಳನ್ನು ನೋಡಿ ನಕ್ಕ. "ಏನೋ, ದಿನಾ ಬಕೆಟ್ ಬಕೆಟ್ ಮೊಳೆ ಹೊರ್ತೀಯಂತೆ? ಹೊಸ ಮನೆ ಕಟ್ಸ್ತಿದೀಯಾ?"

"ಕೋಳಿಗೂಡು," ಎಂದ ಡೆಸ್.

"ಅದಕ್ಕೆ ಇಷ್ಟು ಮೊಳೆಯಾ! ಕೋಳಿಗೋ, ಎಮುಗೋ?"

ಎಲ್ಲರೂ ನಕ್ಕರು. ಡೆಸ್ ಬಿಯರನ್ನು ಅರ್ಧಕ್ಕೇ ಬಿಟ್ಟು ಎದ್ದು, ನೇರ ಗ್ಲೆನಿಸ್ ಮನೆಗೆ ಹೋದ. ಅವಳು ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಬಾಗಿಲಲ್ಲಿ ನಿಂತೇ ಅವನು ಎಲ್ಲವನ್ನೂ ಹೇಳಿದ. ಟೇಪು, ಸ್ವಿಚ್ಚು, ಮೂರು ದಿನದ ಮೌನ. ಏಳು ವಾರ ಅಗೆದೂ ಏನೂ ಸಿಗದಿರುವುದು.

ಗ್ಲೆನಿಸ್ ಚಾಕು ಕೆಳಗಿಟ್ಟಳು. "ಅಂದ್ರೆ ನೀನು ಹುಡುಕೇ ಇರ್ಲಿಲ್ಲ."

"ನಡೆದೆ. ಹುಡುಕಿದ ಹಾಗಾಗ್ಲಿಲ್ಲ."

"ಅವನು ಅಲ್ಲೇ ಇದಾನಾ?"

"ಗೊತ್ತಿಲ್ಲ ಗ್ಲೆನ್. ಇಲ್ಲ ಅಂತ ಹೇಳೋ ಹಕ್ಕು ನನಗಿರ್ಲಿಲ್ಲ. ಅಷ್ಟು ಮಾತ್ರ ಗೊತ್ತು."

ಅವಳು ದನಿ ಏರಿಸದೆ ಹೇಳಿದಳು: "ಹನ್ನೊಂದು ವರ್ಷ ದಿನಾ ಬೆಳಗ್ಗೆ ಎದ್ದು ಆ ಮನುಷ್ಯನಿಗೆ ಬೈದಿದೀನಿ. ನನ್ನ ಮಗಳಿಗೂ ಬೈಯೋದು ಕಲಿಸ್ದೆ. ನಿನ್ನ ಮಾತು ನಂಬ್ಕೊಂಡು."

"ನಾನು—"

"ಬೇಡ. ನನ್ನ ಹತ್ರ ಏನೂ ಹೇಳ್ಬೇಡ. ಅವತ್ತು ಎಲ್ಲಿ ನಿಂತು ಹೇಳಿದ್ಯೋ ಅಲ್ಲೇ ನಿಂತು ಹೇಳು. ಹೋಗು."

ಡೆಸ್ ಮತ್ತೆ ಹೋಟೆಲಿಗೆ ಬಂದ. ಕ್ಲಾರಿ ಇನ್ನೂ ಎಮುವಿನ ತಮಾಷೆಯಲ್ಲೇ ಇದ್ದ. ಡೆಸ್ ಕುಳಿತುಕೊಳ್ಳದೆ, ಟೋಪಿ ತೆಗೆದು, ಬಾರಿನ ಕಟ್ಟೆಗೆ ಬೆನ್ನು ಕೊಟ್ಟು ನಿಂತ. "ಲಿಂಡ್ಸೆ ಓಡಿಹೋದ ಅಂತ ನಾನು ಹೇಳಿದ್ದೆ. ಅದು ನನಗೆ ಗೊತ್ತಿರ್ಲಿಲ್ಲ. ಕಬ್ಬಿಣದ ಸ್ವಿಚ್ಚು ಎಡಕ್ಕಿಟ್ಟು ಹುಡುಕಿದ್ದೆ."

ಬೇರೆ ಊರಿನಲ್ಲಾಗಿದ್ದರೆ ಈ ಮಾತಿಗೆ ವಿವರಣೆ ಬೇಕಾಗುತ್ತಿತ್ತು. ಇಲ್ಲಿ ಯಾರಿಗೂ ಬೇಕಾಗಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬನ ಡಿಟೆಕ್ಟರೂ ಆ ಹೊತ್ತಿಗೆ ಮನೆಯಲ್ಲಿ ಸ್ವಿಚ್ಚು ಎಡಕ್ಕಿಟ್ಟುಕೊಂಡೇ ಮಲಗಿತ್ತು. ಕ್ಲಾರಿ ಲೋಟವನ್ನು ಕಟ್ಟೆಯ ಮೇಲಿಟ್ಟ.

"ಎಷ್ಟು ಜಾಗ ಉಳಿದಿದೆಯೋ?" ಎಂದು ಕೇಳಿದ.

"ಕೆಳಗಿನ ಅರ್ಧ."

ಬೆಳಗ್ಗೆ ಏಳಕ್ಕೆ ಡೆಸ್ ಕೊರಕಲಿಗೆ ಬಂದಾಗ ಒಂಬತ್ತು ವಾಹನಗಳು ನಿಂತಿದ್ದವು. ಮರ್ಲ್ ಅವನ ಹಳೇ ಡಿಟೆಕ್ಟರ್ ಹಿಡಿದು ಬಂದಿದ್ದಳು. ಕ್ಲಾರಿ ಎಲ್ಲರನ್ನೂ ನಾಲ್ಕು ಹೆಜ್ಜೆ ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಸ್ವಿಚ್ಚನ್ನೂ ತಾನೇ ಮುಟ್ಟಿ ನೋಡಿದ. ಗ್ಲೆನಿಸ್ ಮೇಲಿನ ದಂಡೆಯಲ್ಲಿ ಕೋಟಿನ ಜೇಬಿಗೆ ಕೈಯಿಟ್ಟು ನಿಂತಿದ್ದಳು. ಡೆಸ್ ಕಡೆ ತಿರುಗಿಯೂ ನೋಡಲಿಲ್ಲ.

ಸಾಲು ಮೆಲ್ಲಗೆ ಹೊರಟಿತು. ಚಿನ್ನಕ್ಕಾಗಿ ಜೀವಮಾನವಿಡೀ ಕಸವನ್ನು ಶಪಿಸಿದವರು ಒಬ್ಬರಾದ ಮೇಲೊಬ್ಬರು ಮಂಡಿಯೂರಿ ಕಸವನ್ನೇ ಅಗೆದರು. ಹಾಸ್ಯವಿರಲಿಲ್ಲ. "ಮೊಳೆ," ಎಂದು ಒಬ್ಬ ಹೇಳಿದರೆ "ಮುಂದೆ," ಎಂದು ಕ್ಲಾರಿ ಅನ್ನುತ್ತಿದ್ದ.

ಹನ್ನೊಂದು ಗಂಟೆಯ ಸುಮಾರಿಗೆ ಕುಸಿದ ಎರಡನೇ ಬಾವಿಯ ಅಂಚಿನಲ್ಲಿ ಮರ್ಲ್ ನಿಂತಳು. ಅಗೆದಳು. ಇನ್ನಷ್ಟು ಅಗೆದು, ಸಲಿಕೆ ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ಸರಿಸಿದಳು. "ಮೊಳೆ" ಎನ್ನದೆ ಕೈ ಎತ್ತಿದಳು. ಸಾಲು ನಿಂತಿತು. ಕ್ಲಾರಿ "ಮುಂದೆ" ಎನ್ನಲಿಲ್ಲ.

ಡೆಸ್ ಒಂದು ಹೆಜ್ಜೆ ಇಟ್ಟು ತಡೆದು ನಿಂತ. ಗ್ಲೆನಿಸ್ ಆಗಲೇ ದಂಡೆ ಇಳಿಯುತ್ತಿದ್ದಳು. ಮೊದಲು ನೋಡಬೇಕಾದವಳು ಅವಳು. ಅವನು ಹೆಡ್‌ಫೋನ್ ತೆಗೆದು, ದಾರಿ ಬಿಟ್ಟು ನಿಂತ.